ಏರಿಯ ಬುಡದಲ್ಲಿ ನೀರು ಒಸರುತ್ತಿದೆ, ಮುಚ್ಚಬಹುದಾ?

ಪ್ರಶ್ನೆ: ನಮಗೆ ಕುಡಿಯುವ ನೀರು ಬರುವುದು ಸುಮಾರು 60 ವರ್ಷ ಹಳೆಯ ಮಣ್ಣಿನ ಅಣೆಕಟ್ಟಿನಿಂದ. ಹೊರಬದಿಯ ಬುಡದಲ್ಲಿ ಸದಾ ಜೌಗು, ಒಂದು ಕಡೆ ಸಣ್ಣಗೆ ನೀರು ಹರಿಯುತ್ತದೆ. ಮೊದಲಿನಿಂದಲೂ ಹೀಗೇ ಅಂತಾರೆ ಹಿರಿಯರು. ಸಿಮೆಂಟ್ ಹಾಕಿ ಮುಚ್ಚೋಣ ಅಂತಾರೆ ಹುಡುಗರು. ಏರಿಯ ಮೇಲೆ ದೊಡ್ಡ ಮರಗಳೂ ಇವೆ. ಕಡಿಯಬೇಕಾ?

ಉತ್ತರ: ಮೊದಲು ಆ ಸಿಮೆಂಟ್ ಚೀಲ ಕೆಳಗಿಡಿ.

ಒಸರದ ಮಣ್ಣಿನ ಏರಿ ಎಲ್ಲೂ ಇಲ್ಲ. ನೀರು ಹೊರಬರುವುದಕ್ಕೆ ಹೆದರಬೇಕಿಲ್ಲ, ಅದರ ಜೊತೆ ಮಣ್ಣು ಹೊರಟರೆ ಹೆದರಬೇಕು. ಒಳಗಿನ ಮಣ್ಣು ಕಣಕಣವಾಗಿ ಕೊಚ್ಚಿಹೋದರೆ ಏರಿಯೊಳಗೆ ಕೊಳವೆಯಂಥ ದಾರಿ ಆಗುತ್ತದೆ. ದಾರಿ ಅಗಲವಾದಷ್ಟೂ ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟೂ ದಾರಿ ಅಗಲ. ಅಮೆರಿಕದ ಇಡಾಹೊದಲ್ಲಿ ಟೀಟನ್ ಅಣೆಕಟ್ಟು ಹೋದದ್ದು ಹೀಗೆಯೇ. 1976ರ ಜೂನ್ 5ರ ಬೆಳಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನ 12 ಗಂಟೆಯ ಒಳಗೆ ಅಣೆಕಟ್ಟು ಒಡೆದುಹೋಯಿತು. ಅದು ಹಳೆಯದೂ ಅಲ್ಲ, ಮೊದಲ ಸಲ ನೀರು ತುಂಬಿಸುತ್ತಿದ್ದರು!

ಹಾಗಾಗಿ ಒಸರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ತಳದಲ್ಲಿ ಮಣ್ಣು ಕೂತಿದೆಯಾ ನೋಡಿ. ಆಮೇಲೆ ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದಿಡಿ. ಪಕ್ಕದಲ್ಲಿ ಅವತ್ತಿನ ನೀರಿನ ಮಟ್ಟ, ಮಳೆ ಬಂದಿತ್ತಾ ಅನ್ನುವುದೂ ಇರಲಿ. ಜಲಾಶಯದ ಮಟ್ಟ ಏರದೆ, ಮಳೆಯೂ ಬಾರದೆ ಒಸರು ಹೆಚ್ಚಿದರೆ ಎಂಜಿನಿಯರನ್ನು ಕರೆಸಿ. ನೀರು ಕದಡಿದ್ದರೆ ಅವತ್ತೇ ಕರೆಸಿ, ಕೆಳಗಿನ ಮನೆಗಳಿಗೂ ತಿಳಿಸಿ. 'ಮೊದಲಿನಿಂದಲೂ ಹೀಗೇ' ಅನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅಳತೆ ಇಲ್ಲದ ನೆನಪು ಸಾಲದು, ಅಲ್ವಾ?

ಹೊರಬದಿಯಲ್ಲಿ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಡ ಕಟ್ಟಿಕೊಂಡು ಬೇರೆ ಕಡೆ ದಾರಿ ಹುಡುಕುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಅದಕ್ಕೆ ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಸುತ್ತಾರೆ. ನಿಮ್ಮ ಮಣ್ಣಿಗೆ ಯಾವ ಮರಳು ಹೊಂದುತ್ತದೆ ಅನ್ನುವುದನ್ನು ಮಾತ್ರ ಎಂಜಿನಿಯರೇ ಹೇಳಲಿ.

ನೀವು ಕೇಳದೇ ಇದ್ದರೂ ಎರಡು ಜಾಗ ನೋಡಿ ಬನ್ನಿ. ಒಂದು ತೂಬು, ಅಂದರೆ ಬೇಕಾದಾಗ ನೀರು ಹೊರಬಿಡುವ ಕಿಂಡಿ. ಏರಿಯೊಳಗೆ ಹಾದುಹೋಗುವ ಹಳೆಯ ಕೊಳವೆ ತುಕ್ಕು ಹಿಡಿದರೆ ಅದರ ಸುತ್ತಲೇ ಮಣ್ಣು ಕರಗಲು ಶುರು. ಇನ್ನೊಂದು ಕೋಡಿ, ಅಂದರೆ ತುಂಬಿ ಹೆಚ್ಚಾದ ನೀರು ಹೊರಹೋಗುವ ದಾರಿ. ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿಗೆ ಮರಳಿನ ಚೀಲ ಅಡ್ಡ ಇಡುವವರಿದ್ದಾರೆ, ನನಗೆ ಕಂಡಂತೆ ಇದಕ್ಕಿಂತ ದುಬಾರಿ ಉಳಿತಾಯ ಇಲ್ಲ. ಮಣ್ಣಿನ ಏರಿ ತಲೆಯ ಮೇಲೆ ನೀರು ಹರಿದರೆ ತಡೆಯುವುದಿಲ್ಲ. ಗುಜರಾತಿನ ಮಚ್ಛು ಅಣೆಕಟ್ಟು 1979ರ ಆಗಸ್ಟ್ 11ರಂದು ಹಾಗೇ ಒಡೆದು ಮೋರ್ಬಿ ಊರನ್ನು ಮುಳುಗಿಸಿತು.

ಇನ್ನು ಮರ. ಸಣ್ಣ ಗಿಡಗಳನ್ನು ಈಗಲೇ ಬೇರುಸಹಿತ ಕಿತ್ತು ಹುಲ್ಲು ಬೆಳೆಸಿ. ದೊಡ್ಡ ಮರವನ್ನು ಸುಮ್ನೆ ಕಡಿದು ಬಿಡಬೇಡಿ. ಬೇರು ಒಳಗೇ ಕೊಳೆತು ಟೊಳ್ಳಾದರೆ ನೀರಿಗೆ ಅದೇ ದಾರಿ. ನೀರಿನ ಮಟ್ಟ ಕೆಳಗಿರುವಾಗ ಬೊಡ್ಡೆ ಅಗೆದು ತೆಗೆದು, ಗುಂಡಿಗೆ ಅದೇ ಥರದ ಮಣ್ಣು ಪದರ ಪದರವಾಗಿ ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡಿಸಬೇಕು. ಅದಕ್ಕಾಗಿ ನೀರನ್ನು ಒಮ್ಮೆಗೇ ಖಾಲಿ ಮಾಡಬೇಡಿ. ನೆಂದ ಒಳಬದಿಯ ಇಳಿಜಾರು ನೀರಿನ ಆಸರೆ ತಪ್ಪಿದ ಕೂಡಲೇ ಜಾರಿಬಿಡಬಹುದು.