ಹೆಸರು ಹೇಳಿದರೆ ಸಾಲದು, ಗುರುತೂ ಹೇಳಿ

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಶನಿವಾರ ‘ಯಾವ ಹಕ್ಕಿ ಹೇಳಿ’ ಆಟ ಆಡಿಸುತ್ತೇನೆ. ಸುತ್ತಮುತ್ತ ತೆಗೆದ ಫೋಟೊಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸುತ್ತೇನೆ. ಇಬ್ಬರು ಮೂವರು ಥಟ್ಟನೆ ಕೂಗಿಬಿಡುತ್ತಾರೆ, ಮಿಕ್ಕವರು ಸುಮ್ಮನೆ ಕೂತಿರುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಗುಬ್ಬಿ

ಉತ್ತರ: ಹೆಸರಿಗೆ ಅಂಕ ಕೊಡಬೇಡಿ, ಗುರುತಿಗೆ ಕೊಡಿ. ‘ಕಾಜಾಣ’ ಎಂದರೆ ಸೊನ್ನೆ. ‘ಕಾಜಾಣ, ಯಾಕೆಂದರೆ ಬಾಲ ಕವಲು’ ಎಂದರೆ ಎರಡು. ಹೆಸರು ತಪ್ಪಿದರೂ ನೋಡಿದ ಗುರುತು ಸರಿಯಿದ್ದರೆ ಒಂದು. ಇದಿಷ್ಟು ಬದಲಾದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಹಕ್ಕಿಯ ಹೆಸರು ಗೊತ್ತಿಲ್ಲದವರಿಗೂ ಬಾಲ ಕಾಣುತ್ತದಲ್ಲ.

ಒಂದು ಪೀರಿಯಡ್‌ಗೆ ಹತ್ತು ಫೋಟೊ ಧಾರಾಳ. ಐದು ಎಲ್ಲರಿಗೂ ಗೊತ್ತಿರುವ ಹಕ್ಕಿಗಳದ್ದಿರಲಿ (ನಿಮ್ಮೂರಿನಲ್ಲಂತೂ ಗುಬ್ಬಚ್ಚಿಯಿಂದಲೇ ಶುರುವಾಗಬೇಕು), ಮೂರು ಒಂದನ್ನೊಂದು ಹೋಲುವಂಥವು, ಎರಡು ಮೋಸಗಾರ ಫೋಟೊಗಳು. ಪ್ರತಿ ಹಕ್ಕಿಯನ್ನೂ ಮೂರು ಸಲ ತೋರಿಸಿ. ಮೊದಲು ಬರೀ ಆಕಾರ: ಆಕಾಶ ಹಿಂದಿರುವ ಫೋಟೊ ಆರಿಸಿಕೊಂಡು ಮೊಬೈಲಿನ ಎಡಿಟ್‌ನಲ್ಲಿ ಬ್ರೈಟ್‌ನೆಸ್ ಇಳಿಸಿ, ಕಾಂಟ್ರಾಸ್ಟ್ ಏರಿಸಿದರೆ ಹಕ್ಕಿ ಕಪ್ಪು ನೆರಳಾಗುತ್ತದೆ. ಆಮೇಲೆ ಕೊಕ್ಕು, ಕಣ್ಣು ಮಾತ್ರ ಕ್ರಾಪ್ ಮಾಡಿದ್ದು. ಕೊನೆಗೆ ಪೂರ್ತಿ. ಒಂದೊಂದಕ್ಕೂ ಮೂವತ್ತು ಸೆಕೆಂಡು. ಅಷ್ಟು ಹೊತ್ತು ಯಾರೂ ಕೂಗಬಾರದು, ಚೀಟಿಯಲ್ಲಿ ಬರೆಯಬೇಕು.

ಚೆಂದದ ಫೋಟೊ ಅಂತ ಆರಿಸಬೇಡಿ. ಎದೆಯುಬ್ಬಿಸಿ ನೇರ ಕ್ಯಾಮೆರಾ ನೋಡುವ ಹಕ್ಕಿ ಗೋಡೆಗೆ ಸರಿ, ಆಟಕ್ಕಲ್ಲ. ಬಾಲದ ಉದ್ದವೂ ತಿಳಿಯದು, ಕೊಕ್ಕಿನ ಬಾಗೂ ತಿಳಿಯದು. ಪಕ್ಕದಿಂದ ತೆಗೆದದ್ದು, ಕೊಕ್ಕು–ಕಾಲು–ಬಾಲ ಮೂರೂ ಕಾಣುವುದು, ಸ್ವಲ್ಪ ಮಂಕಾಗಿದ್ದರೂ ಅದೇ ಒಳ್ಳೆಯ ಪ್ರಶ್ನೆ. ತಿಂಗಳು ಮತ್ತು ಜಾಗವನ್ನು (ಕೆರೆ, ಹೊಲ, ಬೆಟ್ಟ) ಮೊದಲೇ ಹೇಳಿಬಿಡಿ. ಅವಿಲ್ಲದೆ ಕೇಳುವುದು ಒಗಟಲ್ಲ, ಪೀಡನೆ.

ಮಕ್ಕಳು ಎಡವುವುದು ಎರಡು ಕಡೆ. ಒಂದು ಗಾತ್ರ. ಕ್ರಾಪ್ ಮಾಡಿದ ಮೇಲೆ ಟುವ್ವಿ ಹಕ್ಕಿಯೂ ಹದ್ದಿನಷ್ಟೇ. ಕರೆಂಟು ತಂತಿ, ಎಮ್ಮೆ, ಹುಣಸೆ ಎಲೆ ಏನಾದರೂ ಫ್ರೇಮಿನಲ್ಲಿ ಉಳಿಸಿ, ಇಲ್ಲವೇ ‘ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು’ ಎಂದು ನೀವೇ ಹೇಳಿ. ಇನ್ನೊಂದು ಬಣ್ಣ. ಸೂರಕ್ಕಿಯ ನೇರಳೆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವಂಥದ್ದು. ಸೂರ್ಯ ಹಕ್ಕಿಯ ಹಿಂದಿದ್ದರೆ ಬರೀ ಕಪ್ಪು. ಆದ್ದರಿಂದ ಬಣ್ಣದ ಸುಳಿವು ಕೊನೆಗಿರಲಿ.

ಮೋಸಗಾರ ಫೋಟೊ ಬೇಕೆಂದರೆ ಹೆಣ್ಣು ಕೋಗಿಲೆ. ಕಂದು ಮೈ ತುಂಬ ಬಿಳಿ ಚುಕ್ಕಿ, ಕೆಂಪು ಕಣ್ಣು. ದಿನಾ ಕೋಗಿಲೆಯ ಕೂಗು ಕೇಳುವವರೂ ಇದ್ಯಾವುದೋ ಅಪರೂಪದ ಹಕ್ಕಿ ಎನ್ನುತ್ತಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇನ್ನೊಂದು: ತಂತಿಯ ಮೇಲೆ ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ನೀಲಿ ಪಟ್ಟೆ. ಎರಡೂ ಫೋಟೊ ಅಕ್ಕಪಕ್ಕ ಇಟ್ಟು ‘ಒಂದೇ ಹಕ್ಕಿಯೋ, ಎರಡೋ?’ ಎಂದು ಕೇಳಿ. ಕೊಳದ ಬಕಕ್ಕೂ ಇದೇ ಗುಣ. ಕೂತರೆ ಮಣ್ಣಿನ ಬಣ್ಣ, ಹಾರಿದರೆ ಬೆಳ್ಳಗೆ. ಮತ್ತೆ, ಹಕ್ಕಿಗೆ ಮನೆಮಾತಿನ ಹೆಸರಿದ್ದರೆ ಅದನ್ನೂ ಸರಿ ಎನ್ನಿ. ಒಂದೇ ಹಕ್ಕಿಗೆ ಕೆಂಬೂತವೂ ಸರಿ, ರತ್ನಪಕ್ಷಿಯೂ ಸರಿ. ಬಾಗೇಪಲ್ಲಿ, ಮುಳಬಾಗಿಲು ಕಡೆಯ ಮಕ್ಕಳು ನೀಲಕಂಠವನ್ನು ತೆಲುಗಿನಲ್ಲಿ ‘ಪಾಲಪಿಟ್ಟ’ ಎಂದು ಹೇಳಿ ಗುರುತೂ ಕೊಟ್ಟರೆ ಅದಕ್ಕೂ ಪೂರ್ತಿ ಅಂಕ.

ಗೂಡಿನ ಫೋಟೊ ಬೇಡ. ಮುಂದಿನ ವಾರ ಮಕ್ಕಳೇ ಗೂಡು ಹುಡುಕಿಕೊಂಡು ಹೋಗುತ್ತಾರೆ. ತಾಯಿಹಕ್ಕಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆಗೂ ದಾರಿ ಸಿಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಕೂಡ ದೂರದಿಂದಲೇ ತೆಗೆಯಿರಿ, ಮರದ ಬುಡಕ್ಕೆ ಹೋಗಬೇಡಿ. ಅಲ್ಲಿನ ಮರಿಗಳು ಮಂಕು ಕಂದು; ಬಾಲದ ಹತ್ತಿರದ ಗುಲಾಬಿ ಗರಿಯಾಗಲಿ ಎದೆಯ ಕಪ್ಪು ಪಟ್ಟಿಯಾಗಲಿ ಇನ್ನೂ ಬಂದಿರುವುದಿಲ್ಲ. ಬೇರೆ ಜಾತಿಯೆಂದು ಬರೆದುಕೊಳ್ಳಬೇಡಿ.

ಪ್ರಶ್ನೆ: ಮಧುಗಿರಿಯ ತೋಟದಲ್ಲಿ ತೆಗೆದ ಫೋಟೊ ಜೊತೆಗಿದೆ. ಬೂದು ಬೆನ್ನು, ಬಾಲದಲ್ಲಿ ಪಟ್ಟೆ. ಬಿಜ್ಜು (ಶಿಕ್ರಾ ಎಂಬ ಬೇಟೆಹಕ್ಕಿ) ಎಂದು ನಾನು, ಕೋಗಿಲೆ ಜಾತಿ ಎಂದು ತಮ್ಮ. ಯಾರು ಸರಿ?

ಉತ್ತರ: ತಮ್ಮನವರು. ಇದು ಹಾಕ್ ಕುಕೂ. ಬಿಜ್ಜಿನ ವೇಷ ತೊಟ್ಟಂತಿರುವ, ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿ. ಬೆನ್ನು, ಬಾಲ ನೋಡಿದರೆ ಯಾರೂ ಮೋಸ ಹೋಗುವಂತಿದೆ, ಅದಕ್ಕೇ ಕೊಕ್ಕು ನೋಡಬೇಕು. ಬಿಜ್ಜಿಗೆ ಮಾಂಸ ಹರಿಯುವ ಕೊಕ್ಕೆ ಇರುತ್ತದೆ. ನಿಮ್ಮ ಹಕ್ಕಿಯದ್ದು ತುದಿಯಲ್ಲಿ ಚೂರೇ ಬಾಗಿದ, ಕೊಕ್ಕೆಯಿಲ್ಲದ ಕೊಕ್ಕು. ಕಣ್ಣಿನ ಸುತ್ತ ಹಳದಿ ಉಂಗುರ ಎದ್ದು ಕಾಣುತ್ತಿದೆ. ಕಾಲೂ ಸಾಕ್ಷಿ: ಬಿಜ್ಜಿನ ಕಾಲು ಉದ್ದ, ಉಗುರು ಚೂಪು, ಮೂರು ಬೆರಳು ಮುಂದೆ, ಒಂದು ಹಿಂದೆ. ಕೋಗಿಲೆ ಜಾತಿಗೆ ಕಾಲು ಗಿಡ್ಡ, ಎರಡು ಮುಂದೆ, ಎರಡು ಹಿಂದೆ.

ಪ್ರಶ್ನೆ: ಕೋಲಾರಮ್ಮನ ಕೆರೆಯ ಬಿಳಿ ಹಕ್ಕಿಗಳೆಲ್ಲ ನನಗೆ ಬೆಳ್ಳಕ್ಕಿಯೇ. ಬೇರ್ಪಡಿಸುವುದು ಹೇಗೆ?

ಉತ್ತರ: ನಾಲ್ಕು ಜಾತಿ ಇವೆ ಎಂದುಕೊಳ್ಳಿ. ಕೊಕ್ಕು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಕೆಸರಿನಲ್ಲಿ ನಿಂತಾಗ ಪಾದ ಕಾಣದು, ಹಾರುವಾಗ ತೆಗೆಯಿರಿ. ದನದ ಹಿಂದೆ ಹೋಗುವ, ಗಿಡ್ಡ ಕತ್ತಿನ, ಹಳದಿ ಕೊಕ್ಕಿನದ್ದು ಗೋವಕ್ಕಿ. ಮರಿ ಮಾಡುವ ಕಾಲದಲ್ಲಿ ತಲೆ, ಎದೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ದೊಡ್ಡದು, ಮಧ್ಯಮ ಇವೆರಡೇ ಕಷ್ಟ. ಕೊಕ್ಕಿನ ಬಣ್ಣ ನಂಬಬೇಡಿ, ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಆ ಕಾಲದಲ್ಲಿ ಕಪ್ಪಾಗುತ್ತದೆ. ಬಾಯಿಯ ಸೀಳು ನೋಡಿ. ಅದು ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಇದು ಯಾವ ತಿಂಗಳಲ್ಲೂ ಬದಲಾಗದು.

ಪ್ರಶ್ನೆ: ನಂದಿಬೆಟ್ಟದಲ್ಲಿ ಸಿಕ್ಕ ಹಕ್ಕಿಯ ಫೋಟೊಗೆ ಹಕ್ಕಿ ಗುರುತಿಸುವ ಮೆರ್ಲಿನ್ ಆ್ಯಪ್ ಒಂದು ಹೆಸರು ಕೊಡುತ್ತದೆ, ಗೆಳೆಯರು ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಎನ್ನುತ್ತಾರೆ. ಯಾವುದು ಸರಿ?
– ಚಿಕ್ಕಬಳ್ಳಾಪುರ

ಉತ್ತರ: ಗೆಳೆಯರ ಮಾತೇ ಸರಿ. ಜುಟ್ಟಿಲ್ಲದ ತಲೆ, ಹಳದಿ ಕೊರಳು, ಬೂದು ಎದೆ, ಕೂತದ್ದು ಬಂಡೆಯ ಪಕ್ಕದ ಪೊದೆ. ಹುಬ್ಬು ಬೆಳ್ಳಗಿದ್ದು ಗಂಟಲು ಮಾಸಲಾಗಿದ್ದರೆ ಬಿಳಿ ಹುಬ್ಬಿನ ಪಿಕಳಾರ ಆಗುತ್ತಿತ್ತು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರುವ, ಅಪಾಯದ ಅಂಚಿನ ಪಟ್ಟಿಯಲ್ಲಿರುವ ಹಕ್ಕಿ ಇದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ಆ್ಯಪ್ ಹೆಸರು ಹುಡುಕುವಾಗ ಜಾಗ, ದಿನಾಂಕ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಮ್ಮದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ. ಅಲ್ಲಿ ಆ ಮಾಹಿತಿ ಅಳಿಸಿಹೋಗಿ, ಗರಿಗಳ ವಿವರವೂ ಕುಗ್ಗುತ್ತದೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು, ಜಾಗ–ದಿನಾಂಕ ಸರಿಯಾಗಿ ತುಂಬಿ ಮತ್ತೊಮ್ಮೆ ಕೇಳಿ.