ಸ್ಲೋ ಕುಕರ್‌ನಲ್ಲಿ ರೂಬೆನ್ ರುಚಿಯ ಸಾಸೇಜ್ ಸ್ಯಾಂಡ್‌ವಿಚ್ ಮಾಡಿದರೆ ಬನ್ ಒದ್ದೆಯಾಗುತ್ತದೆ, ಸಾಸೇಜ್ ಬಿಳಿಚಿಕೊಳ್ಳುತ್ತದೆ, ತಪ್ಪು ಎಲ್ಲಾಗುತ್ತಿದೆ?

ಅಮೆರಿಕದ ಡೆಲಿಗಳಲ್ಲಿ (ಮಾಂಸ, ಚೀಸ್, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳಲ್ಲಿ) ಸಿಗುವ ರೂಬೆನ್ ಸ್ಯಾಂಡ್‌ವಿಚ್‌ನ ರುಚಿಯನ್ನು ಸಾಸೇಜಿನಲ್ಲಿ ತರಬೇಕೆಂದು ನೀವು ಬೆಳಿಗ್ಗೆ ಎಲ್ಲವನ್ನೂ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಾದ ಸ್ಲೋ ಕುಕರ್‌ಗೆ ಹಾಕಿ ಕೆಲಸಕ್ಕೆ ಹೋಗಿದ್ದೀರಿ. ಸಂಜೆ ಬಂದು ನೋಡಿದರೆ ಸಾಸೇಜ್ ಬೆಳ್ಳಗೆ ರಬ್ಬರಿನಂತಾಗಿತ್ತು, ಕೋಸು ನೀರಿನಲ್ಲಿ ತೇಲುತ್ತಿತ್ತು, ಬನ್ನಿಗೆ ತುಂಬಿದ ಮರುಕ್ಷಣವೇ ಅದು ಮುದ್ದೆಯಾಯಿತು ಎಂದು ಬರೆದಿದ್ದೀರಿ. ನಾನು ಮೂಲತಃ ಕೊಡಗಿನವನು, ಹನ್ನೊಂದು ವರ್ಷಗಳಿಂದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿದ್ದೇನೆ. ಹಂದಿಮಾಂಸದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೂ ಈ ರಾಜ್ಯದವರಿಗೂ ಇರುವ ಶ್ರದ್ಧೆ ಒಂದೇ ಮಟ್ಟದ್ದಾದ್ದರಿಂದ ಈ ಅಡುಗೆಯನ್ನು ನಾನು ಹಲವು ಸಲ ಮಾಡಿದ್ದೇನೆ, ಕೆಡಿಸಿಯೂ ಇದ್ದೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು: ಸ್ಲೋ ಕುಕರ್ ಬೇಯಿಸಬಲ್ಲದು, ಆದರೆ ಕೆಂಪಗೆ ಹುರಿಯಲಾರದು. ನೀರಿನಂಶವಿರುವ ಪಾತ್ರೆಯ ಒಳಗಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮಾಂಸದ ಮೇಲ್ಮೈ ಕೆಂಪಾಗಿ ಆ ಹುರಿದ ಪರಿಮಳ ಬರಬೇಕಾದರೆ ಸುಮಾರು 140 ಡಿಗ್ರಿಯ ಒಣ ಶಾಖ ಬೇಕು. ರೂಬೆನ್ ಎಂಬ ಸ್ಯಾಂಡ್‌ವಿಚ್‌ನ ಸೊಗಸಿನಲ್ಲಿ ಅರ್ಧ ಭಾಗ ಅದರ ಗರಿಗರಿಯಾದ ಹೊರಮೈಯಲ್ಲಿದೆ. ಆ ಅರ್ಧವನ್ನೂ ಕುಕರ್‌ಗೇ ವಹಿಸಿದ್ದರಿಂದ ನಿಮಗೆ ಹೀಗಾಗಿದೆ. ಆದ್ದರಿಂದ ಹುರಿಯುವುದು ಕುಕರ್‌ಗೆ ಹಾಕುವ ಮೊದಲು, ಬನ್ ಕಾಯಿಸಿ ಚೀಸ್ ಕರಗಿಸುವುದು ಕುಕರ್‌ನಿಂದ ತೆಗೆದ ಮೇಲೆ, ನಡುವಿನ ನಾಲ್ಕು ಗಂಟೆ ಮಾತ್ರ ಅದರ ಪಾಲು ಎಂದು ಹಂಚಿಕೊಂಡರೆ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ.

ಯಾವುದನ್ನು ಅನುಕರಿಸುತ್ತಿದ್ದೇವೆ ಎಂಬುದು ತಿಳಿದಿದ್ದರೆ ಒಳ್ಳೆಯದು. ರೂಬೆನ್ ಎಂದರೆ ರೈ ಎಂಬ ಧಾನ್ಯದ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಕಾರ್ನ್ಡ್ ಬೀಫ್ (ಉಪ್ಪುನೀರಿನಲ್ಲಿ ನೆನೆಸಿದ ದನದ ಮಾಂಸ), ಸ್ವಿಸ್ ಚೀಸ್, ಹುಳಿ ಬರಿಸಿದ ಎಲೆಕೋಸಾದ ಸೌರ್‌ಕ್ರೌಟ್ ಮತ್ತು ರಷ್ಯನ್ ಅಥವಾ ಥೌಸಂಡ್ ಐಲ್ಯಾಂಡ್ ಡ್ರೆಸಿಂಗ್ (ಮಯೋನೀಸ್ ಆಧಾರಿತ ಸಾಸ್) ಇಟ್ಟು ಬೆಣ್ಣೆಯಲ್ಲಿ ಕಾಯಿಸಿದ ಸ್ಯಾಂಡ್‌ವಿಚ್. ಅದರ ಹುಟ್ಟಿನ ಬಗ್ಗೆ ಎರಡು ಊರುಗಳ ನಡುವೆ ಜಗಳವಿದೆ. 1920ರ ದಶಕದಲ್ಲಿ ನೆಬ್ರಾಸ್ಕದ ಒಮಾಹಾದ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಇಸ್ಪೀಟಾಡಲು ಸೇರುತ್ತಿದ್ದ ರೂಬೆನ್ ಕುಲಕೋಫ್ಸ್ಕಿ ಎಂಬ ದಿನಸಿ ವ್ಯಾಪಾರಿಯ ಕಲ್ಪನೆ ಇದು ಎಂದು ಅಲ್ಲಿಯವರು ಹೇಳುತ್ತಾರೆ. ನ್ಯೂಯಾರ್ಕಿನವರು ಅದನ್ನು ತಮ್ಮೂರಿನ ಡೆಲಿ ಮಾಲೀಕ ಆರ್ನಲ್ಡ್ ರೂಬೆನ್ ಅವರ ಲೆಕ್ಕಕ್ಕೆ ಬರೆಯುತ್ತಾರೆ. ಯಹೂದಿ ಡೆಲಿಯ ಹೆಸರಿನೊಂದಿಗೆ ಬೆಸೆದುಕೊಂಡಿದ್ದರೂ ಮಾಂಸ ಮತ್ತು ಚೀಸ್ ಒಟ್ಟಿಗೆ ಇರುವುದರಿಂದ ಇದು ಯಹೂದಿಗಳ ಆಹಾರನಿಯಮಕ್ಕೆ ಒಪ್ಪುವ ತಿನಿಸಲ್ಲ. ಹಾಗಾಗಿ ಹಂದಿಮಾಂಸದ ಸಾಸೇಜ್ ಹಾಕಿ ನಾವು ಅದರ ಮಡಿ ಕೆಡಿಸುತ್ತಿದ್ದೇವೆಂದು ಸಂಕೋಚಪಡಬೇಕಾಗಿಲ್ಲ. ಅದು ಮೊದಲೇ ಕೆಟ್ಟಿದೆ.

ನನ್ನ ಮೊದಲ ಪ್ರಯತ್ನ ನಿಮ್ಮದಕ್ಕಿಂತ ಹೀನಾಯವಾಗಿತ್ತು. ಕಚೇರಿಯಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ದಿನಕ್ಕಾಗಿ ನಾನು ಸಾಸೇಜ್, ಕೋಸು, ಚೀಸ್ ಮಾತ್ರವಲ್ಲದೆ ಒಂದು ಬಾಟಲಿ ಡ್ರೆಸಿಂಗನ್ನೂ ಕುಕರ್‌ಗೆ ಸುರಿದು ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಮಯೋನೀಸ್ ಒಡೆದು ಕಿತ್ತಳೆ ಬಣ್ಣದ ಎಣ್ಣೆ ಮಣಿಮಣಿಯಾಗಿ ಮೇಲೆ ನಿಂತಿತ್ತು, ಅದರ ಕೆಳಗೆ ಒಡೆದ ಹಾಲಿನಂತಹ ತರಿ, ಚೀಸ್ ಪಾತ್ರೆಯ ಅಂಚಿಗೆ ಸುಟ್ಟು ಹಿಡಿದಿತ್ತು. ಮಯೋನೀಸ್ ಎಂಬುದು ಮೊಟ್ಟೆಯ ಹಳದಿಯ ಬಲದಿಂದ ಎಣ್ಣೆಯನ್ನೂ ಹುಳಿನೀರನ್ನೂ ಒಂದಾಗಿ ಹಿಡಿದಿಟ್ಟ ಮಿಶ್ರಣ. ಗಂಟೆಗಟ್ಟಲೆ ಶಾಖ ಕೊಟ್ಟರೆ ಅದು ಬಿಟ್ಟುಕೊಳ್ಳದೆ ಇರುವುದಿಲ್ಲ. ಡ್ರೆಸಿಂಗ್ ಮತ್ತು ಚೀಸ್ ಎಂದಿಗೂ ಕುಕರ್‌ನೊಳಗೆ ಹೋಗಬಾರದು ಎಂಬುದನ್ನು ನಾನು ಆ ದಿನ ಕಲಿತೆ. ಸಹೋದ್ಯೋಗಿಗಳಿಗೆ ಅಂಗಡಿಯಿಂದ ತಂದ ಚಿಪ್ಸ್ ಕೊಟ್ಟೆ.

ಈಗ ವಿಧಾನಕ್ಕೆ ಬರುತ್ತೇನೆ. ಇಲ್ಲಿ ಬ್ರಾಟ್‌ವುರ್ಸ್ಟ್ ಎಂಬ ಜರ್ಮನ್ ಬಗೆಯ ಸಾಸೇಜ್ ಹೆಚ್ಚಾಗಿ ಐದು ಸಾಸೇಜುಗಳ, ಸುಮಾರು 540 ಗ್ರಾಂ ತೂಕದ ಪೊಟ್ಟಣದಲ್ಲಿ ಸಿಗುತ್ತದೆ. (ಇಲ್ಲಿಯವರು ಅದನ್ನು ಮೊಟಕುಗೊಳಿಸಿ ‘ಬ್ರಾಟ್’ ಎನ್ನುತ್ತಾರೆ, ‘ಬ್ರ್ಯಾಟ್’ ಎಂದರೆ ತುಂಟ ಮಗು ಎಂದಾಗುತ್ತದೆ, ಕಟುಕನ ಅಂಗಡಿಯಲ್ಲಿ ನಾನು ಐದು ತುಂಟ ಮಕ್ಕಳನ್ನು ಕೇಳಿದ್ದುಂಟು.) ಹಸಿ ಸಾಸೇಜನ್ನೇ ಕೊಳ್ಳಿ. ಫ್ರೀಜರಿನಲ್ಲಿದ್ದರೆ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ ಪೂರ್ತಿ ಕರಗಿಸಿಕೊಳ್ಳಬೇಕು, ಏಕೆಂದರೆ ಗಟ್ಟಿಯಾದ ಮಾಂಸವನ್ನು ಹಾಗೆಯೇ ಸ್ಲೋ ಕುಕರ್‌ಗೆ ಹಾಕಿದರೆ ಅದು ಬ್ಯಾಕ್ಟೀರಿಯಾ ಬೆಳೆಯುವ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಸಾಸೇಜಿನ ತೇವವನ್ನು ಕಾಗದದಲ್ಲಿ ಒತ್ತಿ ತೆಗೆದು, ಕಬ್ಬಿಣದ ಕಾವಲಿಯಲ್ಲಿ ಒಂದು ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಪ್ರತಿ ಮಗ್ಗುಲನ್ನೂ ಎರಡೆರಡು ನಿಮಿಷ ಹುರಿಯಿರಿ. ಚರ್ಮ ಮೊದಲು ಬಿಗಿಯುತ್ತದೆ, ಆಮೇಲೆ ಅಲ್ಲಲ್ಲಿ ಬೆಲ್ಲದ ಬಣ್ಣ ತಿರುಗುತ್ತದೆ, ಚಟಪಟ ಸದ್ದು ತಗ್ಗಿ ಒಂದೇ ಸಮನೆ ಸುಂಯ್‌ಗುಡತೊಡಗುತ್ತದೆ, ಅಷ್ಟು ಸಾಕು. ಒಳಗೆ ಬೇಯಿಸುವ ಉದ್ದೇಶ ಇಲ್ಲಿಲ್ಲ. ಮುಳ್ಳುಚಮಚದಿಂದ ಚುಚ್ಚಬೇಡಿ, ಚುಚ್ಚಿದ ತೂತಿನಿಂದ ಕೊಬ್ಬೂ ರಸವೂ ಸೋರಿಹೋಗಿ ಉಳಿಯುವುದು ನೀವು ದೂರಿದ ಆ ರಬ್ಬರು. ಇಕ್ಕಳದಿಂದ ತಿರುಗಿಸಿ. ಸಾಸೇಜ್ ತೆಗೆದ ಮೇಲೆ ಅದೇ ಕಾವಲಿಯಲ್ಲಿ ಉದ್ದುದ್ದವಾಗಿ ಹೆಚ್ಚಿದ ಒಂದು ಈರುಳ್ಳಿಯನ್ನು ಬಾಡಿಸಿ, ಅರ್ಧ ಲೋಟ ಲಾಗರ್ ಬಿಯರ್ ಸುರಿದು ತಳಕ್ಕೆ ಹಿಡಿದ ಕೆಂಪು ಪದರವನ್ನು ಮರದ ಸೌಟಿನಿಂದ ಕೆರೆದುಕೊಳ್ಳಿ. ಬಿಯರ್ ಬೇಡವೆಂದಾದರೆ ಸೇಬಿನ ರಸವಾಗಬಹುದು. ಇಡೀ ಅಡುಗೆಗೆ ಹೊರಗಿನಿಂದ ಸೇರುವ ದ್ರವ ಅಷ್ಟೇ. ಸ್ಲೋ ಕುಕರ್‌ನಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ; ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ನೀವು ಒಂದು ಬಾಟಲಿ ಬಿಯರನ್ನೂ ಕೋಸಿನ ಡಬ್ಬಿಯ ನೀರನ್ನೂ ಪೂರ್ತಿ ಹಾಕಿದ್ದೀರಿ ಎಂದು ಬರೆದಿರುವುದನ್ನು ಓದಿದಾಗಲೇ ನನಗೆ ಬನ್ನಿನ ಗತಿ ಗೊತ್ತಾಯಿತು.

ಕೋಸಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಸುಮಾರು 900 ಗ್ರಾಮಿನ ಜಾಡಿಯ ಸೌರ್‌ಕ್ರೌಟನ್ನು ಜಾಲರಿಗೆ ಸುರಿದು, ಒಮ್ಮೆ ತಣ್ಣೀರಿನಲ್ಲಿ ಜಾಲಾಡಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಂಡಿ. ಸಾಸೇಜಿನಲ್ಲೂ ಚೀಸಿನಲ್ಲೂ ಸಾಕಷ್ಟು ಉಪ್ಪಿರುವುದರಿಂದ ಕೋಸಿನ ಉಪ್ಪು ಕಡಿಮೆಯಾಗುವುದೇ ಲೇಸು. ಇಷ್ಟು ಹೊತ್ತು ಬೆಂದರೆ ಅದು ಕರಗಿಹೋಗದೇ ಎಂದು ನೀವು ಕೇಳಿದ್ದೀರಿ. ಕರಗುವುದಿಲ್ಲ. ತರಕಾರಿ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆ ಎಂಬುದು ನಮ್ಮಲ್ಲಿ ಸಾರು ಮಾಡುವವರಿಗೆಲ್ಲ ತಿಳಿದ ಸಂಗತಿ. ಹುಳಿಯಲ್ಲಿ, ತರಕಾರಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಸುಲಭವಾಗಿ ಸಡಿಲವಾಗುವುದಿಲ್ಲ. ಸಾರಿನಲ್ಲಿ ಅಡ್ಡಿಯಾಗುವ ಈ ಗುಣವೇ ಇಲ್ಲಿ ಉಪಕಾರಿ. ನಾಲ್ಕು ಗಂಟೆಯಾದರೂ ಕೋಸಿನ ಎಳೆ ಹಲ್ಲಿಗೆ ಸಿಗುತ್ತದೆ.

ರೂಬೆನ್‌ನ ರುಚಿ ಬರುವುದೂ ಈ ಕೋಸಿನ ಮೂಲಕವೇ. ರೈ ಬ್ರೆಡ್ಡಿನ ರುಚಿ ಎಂದು ಹೆಚ್ಚಿನವರು ಗುರುತಿಸುವುದು ನಿಜವಾಗಿ ಆ ಹಿಟ್ಟಿನದಲ್ಲ, ಅದರೊಳಗೆ ಹಾಕುವ ಕ್ಯಾರವೇ ಬೀಜದ್ದು. ನೋಡಲು ಜೀರಿಗೆಯಂತಿದ್ದರೂ ಅದರ ವಾಸನೆ ಬೇರೆ, ಜೀರಿಗೆ ಹಾಕಿದರೆ ಅಡುಗೆ ಬೇರೆ ದಿಕ್ಕಿಗೆ ಹೋಗುತ್ತದೆ. ಒಂದು ಚಹಾ ಚಮಚದಷ್ಟು ಕ್ಯಾರವೇ ಬೀಜವನ್ನು ಕೋಸಿಗೆ ಬೆರೆಸಿದರೆ ಸಾಮಾನ್ಯ ಬಿಳಿ ಬನ್ನಿನಲ್ಲೂ ರೈ ಬ್ರೆಡ್ಡಿನ ನೆನಪು ಬರುತ್ತದೆ. ಕಾರ್ನ್ಡ್ ಬೀಫ್‌ನ ಗುರುತು ಅದನ್ನು ಉಪ್ಪುನೀರಿನಲ್ಲಿ ನೆನೆಸುವಾಗ ಹಾಕುವ ಮಸಾಲೆಯಲ್ಲಿದೆ: ಕೊತ್ತಂಬರಿ ಬೀಜ, ಸಾಸಿವೆ, ಕರಿಮೆಣಸು, ಒಂದೆರಡು ಲವಂಗ, ಬೇ ಎಲೆ. ಬೇ ಎಲೆ ಬಿಟ್ಟರೆ ಇವೆಲ್ಲ ನಮ್ಮ ಮಸಾಲೆ ಡಬ್ಬಿಯಲ್ಲೇ ಇರುವಂಥವು. ಅರ್ಧರ್ಧ ಚಮಚ ತೆಗೆದುಕೊಂಡು ತರಿತರಿಯಾಗಿ ಕುಟ್ಟಿ ಸೇರಿಸಿ. ಒಂದು ಎಚ್ಚರಿಕೆ ಮಾತ್ರ: ನಮ್ಮ ಪಲಾವ್ ಎಲೆ ಇಲ್ಲಿಯ ಬೇ ಎಲೆಯಲ್ಲ, ಅದು ದಾಲ್ಚಿನ್ನಿಯ ಜಾತಿಯದು, ಅದನ್ನು ಹಾಕಿದರೆ ಬಿರಿಯಾನಿಯ ವಾಸನೆ ಬರುತ್ತದೆ. ಮಾಂಸ ಬದಲಾಗಿದ್ದರೂ ಈ ಮಸಾಲೆ ಇದ್ದರೆ ನಾಲಿಗೆ ಮೂಲವನ್ನು ಗುರುತು ಹಿಡಿಯುತ್ತದೆ, ಇಲ್ಲದಿದ್ದರೆ ಅದು ಬರೀ ಕೋಸು ಹಾಕಿದ ಸಾಸೇಜ್.

ಮಸಾಲೆ ಬೆರೆಸಿದ ಕೋಸನ್ನೂ ಈರುಳ್ಳಿಯನ್ನೂ ಕುಕರ್‌ನ ತಳದಲ್ಲಿ ಹರಡಿ, ಹುರಿದ ಸಾಸೇಜನ್ನು ಅದರ ಮೇಲೆ ಮಲಗಿಸಿ. ಹೂತುಹಾಕಬೇಡಿ, ಬೆನ್ನು ದ್ರವದ ಮೇಲೆ ಕಾಣುತ್ತಿರಲಿ. ಲೋ ಸೆಟ್ಟಿಂಗ್‌ನಲ್ಲಿ ನಾಲ್ಕು ಗಂಟೆ ಅಥವಾ ಹೈ ಸೆಟ್ಟಿಂಗ್‌ನಲ್ಲಿ ಎರಡೂವರೆ ಗಂಟೆ ಸಾಕು. ಹಂದಿಯ ಸಾಸೇಜಿನ ನಡುವಿನ ಶಾಖ 71 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು, ಕೋಳಿ ಅಥವಾ ಟರ್ಕಿಯದಾದರೆ 74. ಹದಿನೈದು ಡಾಲರಿನ ಥರ್ಮಾಮೀಟರ್ ಒಂದನ್ನು ಇಟ್ಟುಕೊಂಡರೆ ಊಹೆಯ ಕೆಲಸವಿಲ್ಲ. ಪದೇಪದೇ ಮುಚ್ಚಳ ತೆಗೆದು ನೋಡಿದರೆ ಪ್ರತಿ ಸಲವೂ ಇಪ್ಪತ್ತು ನಿಮಿಷದಷ್ಟು ತಡವಾಗುತ್ತದೆ. ನೀವು ಎಂಟೊಂಬತ್ತು ಗಂಟೆ ಮನೆಯಲ್ಲಿರುವುದಿಲ್ಲವಾದರೆ ನಾಲ್ಕು ಗಂಟೆಗೆ ತಾನಾಗಿ ‘ವಾರ್ಮ್’ ಸ್ಥಿತಿಗೆ ಇಳಿಯುವ ಕುಕರ್ ಬೇಕು. ಸಾಸೇಜ್ ಗಟ್ಟಿ ಮಾಂಸದ ತುಂಡಲ್ಲ, ಹೆಚ್ಚು ಬೆಂದಷ್ಟೂ ಮೆತ್ತಗಾಗುವುದಿಲ್ಲ, ಹುಡಿಹುಡಿಯಾಗುತ್ತದೆ.

ಈ ಪಾತ್ರೆಯ ಮೂಲವೂ ಡೆಲಿಯ ಲೋಕಕ್ಕೆ ಹತ್ತಿರದ್ದೇ. ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರಿಗೆ 1940ರಲ್ಲಿ ಇದರ ಪೇಟೆಂಟ್ ದೊರೆಯಿತು. ಅವರ ತಾಯಿ ಲಿಥುವೇನಿಯದಲ್ಲಿದ್ದಾಗ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಒಲೆ ಹಚ್ಚುವಂತಿಲ್ಲವಾದ್ದರಿಂದ ಶುಕ್ರವಾರ ಸಂಜೆ ಕಾಳು ಮತ್ತು ಮಾಂಸ ತುಂಬಿದ ಚೋಲಂಟ್ ಎಂಬ ಅಡುಗೆಯ ಗಡಿಗೆಯನ್ನು ಬೇಕರಿಯ ಒಲೆಯಲ್ಲಿ ಇಡುತ್ತಿದ್ದ ಕಥೆ ಹೇಳುತ್ತಿದ್ದರಂತೆ, ಅದೇ ಅವರಿಗೆ ಪ್ರೇರಣೆ. ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಚೋಲಂಟ್‌ನಂತಹ ಕಾಳಿನ ಅಡುಗೆಗೆ ಹುಟ್ಟಿದ ಪಾತ್ರೆ ಇದಾದ್ದರಿಂದ ಗರಿಗರಿ ಅದರ ಜಾತಕದಲ್ಲೇ ಇಲ್ಲ.

ಸಾಸೇಜ್ ಬೇಯುವಷ್ಟರಲ್ಲಿ ಡ್ರೆಸಿಂಗ್ ಕಲಸಿ ಫ್ರಿಜ್ಜಿನಲ್ಲಿಡಿ: ಅರ್ಧ ಕಪ್ ಮಯೋನೀಸ್, ಮೂರು ದೊಡ್ಡ ಚಮಚ ಕೆಚಪ್, ಸಣ್ಣಗೆ ಹೆಚ್ಚಿದ ಸೌತೆ ಉಪ್ಪಿನಕಾಯಿ ಎರಡು ಚಮಚ, ಹಾರ್ಸ್‌ರ್ಯಾಡಿಶ್ (ಖಾರವಾದ ಒಂದು ಬೇರಿನ ತುರಿ) ಒಂದು ಚಹಾ ಚಮಚ, ವೂಸ್ಟರ್ ಸಾಸ್ ನಾಲ್ಕು ಹನಿ. ಹಾರ್ಸ್‌ರ್ಯಾಡಿಶ್ ಬಿಡಬೇಡಿ; ಅದರ ಮೂಗಿಗೇರುವ ಖಾರವಿಲ್ಲದಿದ್ದರೆ ಸಾಸ್ ಸಿಹಿಯಾಗಿಯೇ ಉಳಿಯುತ್ತದೆ.

ಬನ್ ಜೋಡಿಸುವ ಕ್ರಮದಲ್ಲಿ ಹೆಚ್ಚಿನವರು ಎಡವುತ್ತಾರೆ. ಮಿಲ್ವಾಕೀಯಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ಶಬೊಯ್ಗನ್ ಪಟ್ಟಣದವರು ಬ್ರಾಟನ್ನು ಮೆತ್ತನೆಯ ಹಾಟ್‌ಡಾಗ್ ಬನ್ನಿನಲ್ಲಿ ತಿನ್ನುವುದನ್ನು ಅವಮಾನವೆಂದೇ ಭಾವಿಸುತ್ತಾರೆ; ಅವರದು ಹೊರಗೆ ಗಟ್ಟಿ ಸಿಪ್ಪೆಯ ಹಾರ್ಡ್ ರೋಲ್. ಅಂಥದ್ದು ಸಿಕ್ಕರೆ ಕೊಳ್ಳಿ, ಇಲ್ಲವಾದರೆ ಬಗೆಟ್ ಎಂಬ ಫ್ರೆಂಚ್ ಬಗೆಯ ಉದ್ದನೆಯ ಬ್ರೆಡ್ಡಿನಲ್ಲಿ ಚಿಕ್ಕದು ಆಗುತ್ತದೆ. ಬನ್ನಿನ ಒಳಮೈಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಕಾಯಿಸಿ. ಮೊದಲು ಸ್ವಿಸ್ ಚೀಸಿನ ಅರ್ಧ ಹೋಳನ್ನು ಬನ್ನಿಗೆ ತಾಗಿಸಿ ಇಡಿ, ಅದರ ಕೊಬ್ಬು ರಸ ಇಳಿಯದಂತೆ ತಡೆಯುತ್ತದೆ. ಅದರ ಮೇಲೆ ಸಾಸೇಜ್, ಮೇಲೆ ಇಕ್ಕಳದಲ್ಲಿ ಎತ್ತಿ ಪಾತ್ರೆಯ ಅಂಚಿಗೆ ಒತ್ತಿ ಹಿಂಡಿದ ಕೋಸು, ಅದರ ಮೇಲೆ ಉಳಿದರ್ಧ ಚೀಸ್. ಓವನ್ನಿನ ಬ್ರಾಯ್ಲ್ ಉರಿಯ (ಮೇಲಿನಿಂದ ಬರುವ ತೀವ್ರ ಶಾಖದ) ಕೆಳಗೆ ಎರಡು ನಿಮಿಷ ಇಟ್ಟು, ಪಕ್ಕದಲ್ಲೇ ನಿಂತು ನೋಡುತ್ತಿರಿ. ಫೋನ್ ಎತ್ತಿಕೊಂಡರೆ ಬನ್ ಇದ್ದಿಲಾಗುತ್ತದೆ. ಚೀಸ್ ಗುಳ್ಳೆಯೆದ್ದು ಅಲ್ಲಲ್ಲಿ ಕಂದು ಚುಕ್ಕೆ ಬಂದ ಮೇಲೆ ಹೊರತೆಗೆದು, ತಣ್ಣನೆಯ ಡ್ರೆಸಿಂಗನ್ನು ಕೊನೆಯಲ್ಲಿ ಒಂದು ಚಮಚದಷ್ಟು ಹಾಕಿ.

ನಿಮ್ಮ ಉಳಿದ ಎರಡು ಪ್ರಶ್ನೆಗಳು ಸಣ್ಣವು. ಮನೆಯಲ್ಲಿ ಒಬ್ಬರು ಸಸ್ಯಾಹಾರಿ ಎಂದಿದ್ದೀರಿ: ಸಸ್ಯಾಹಾರಿ ಸಾಸೇಜ್ ಗಂಟೆಗಟ್ಟಲೆ ತೇವದಲ್ಲಿದ್ದರೆ ಕರಗುತ್ತದೆ, ಅದನ್ನು ಬೇರೆಯೇ ಹುರಿದು, ಮಾಂಸ ಸೇರಿಸುವ ಮೊದಲು ಎತ್ತಿಟ್ಟ ಕೋಸನ್ನು ಪುಟ್ಟ ಪಾತ್ರೆಯಲ್ಲಿ ಬಿಸಿಮಾಡಿ ಜೊತೆಗೆ ಕೊಡಿ. ಸೌರ್‌ಕ್ರೌಟನ್ನು ಮನೆಯಲ್ಲೇ ಮಾಡಬಹುದೇ ಎಂದರೆ ಖಂಡಿತ ಮಾಡಬಹುದು. ಒಂದು ಕಿಲೋ ಕೋಸಿಗೆ 20 ಗ್ರಾಂ ಉಪ್ಪು ಬೆರೆಸಿ, ನೀರೊಡೆಯುವವರೆಗೆ ಹಿಸುಕಿ, ಆ ನೀರಿನಲ್ಲೇ ಮುಳುಗಿರುವಂತೆ ಜಾಡಿಯಲ್ಲಿ ಭಾರ ಹೇರಿ ಇಟ್ಟರೆ ಮೂರು ನಾಲ್ಕು ವಾರಗಳಲ್ಲಿ ಹುಳಿ ಹದಕ್ಕೆ ಬರುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಾದರೆ ಇನ್ನೂ ಬೇಗ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಸಾಸೇಜನ್ನು ಬಿಲ್ಲೆಗಳಾಗಿ ಕತ್ತರಿಸಿ ಕೋಸಿನೊಂದಿಗೆ ಕಾವಲಿಯಲ್ಲಿ ನೀರೆಲ್ಲ ಹಿಂಗುವವರೆಗೆ ಹುರಿದುಕೊಂಡರೆ ಬ್ರೆಡ್ಡಿನ ಗೊಡವೆಯೇ ಬೇಡ. ನಮ್ಮ ಮನೆಯಲ್ಲಿ ಅದನ್ನು ಅಕ್ಕಿ ರೊಟ್ಟಿಯ ಜೊತೆ ತಿನ್ನುತ್ತೇವೆ, ಮತ್ತು ಅದಕ್ಕಾಗಿಯೇ ನಾನು ಈಗೀಗ ಐದರ ಬದಲು ಹತ್ತು ಸಾಸೇಜ್ ಹಾಕುತ್ತೇನೆ.