ಸ್ಯಾಮ್ ಡಾರ್ಸಿ ನಿಜವಾಗಿಯೂ ಅಷ್ಟು ದೊಡ್ಡ ಆಟಗಾರ ಆಗುತ್ತಾನಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೆಲ್ಬರ್ನಿಗೆ ಬಂದು ಇನ್ನೂ ಒಂದು ವರ್ಷ ಆಗಿಲ್ಲ, ಫುಟಿ, ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ಈಗಷ್ಟೇ ನೋಡಲು ಶುರು ಮಾಡಿದ್ದೀರಿ, ಆಫೀಸಿನಲ್ಲಿ ಸೋಮವಾರ ಬಂತೆಂದರೆ ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ ಸ್ಯಾಮ್ ಡಾರ್ಸಿ ಬಗ್ಗೆ ದೊಡ್ಡ ವಾದ ನಡೆಯುತ್ತದೆ. ಒಬ್ಬರು ಇವನೇ ಮುಂದಿನ ಲ್ಯಾನ್ಸ್ ಫ್ರಾಂಕ್ಲಿನ್ ಅನ್ನುತ್ತಾರೆ. ಇನ್ನೊಬ್ಬರು ಎತ್ತರ ಬಿಟ್ಟರೆ ಅವನಲ್ಲಿ ಏನೂ ಇಲ್ಲ ಅನ್ನುತ್ತಾರೆ. ಯಾರ ಮಾತು ನಂಬಬೇಕು ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಬುಲ್‌ಡಾಗ್ಸ್ ಕಡೆಯವನು. ಹನ್ನೊಂದು ವರ್ಷದಿಂದ ಟಾರ್ನೀಟ್‌ನಲ್ಲಿದ್ದೇನೆ. ನಮ್ಮ ಪಶ್ಚಿಮದ ಬಡಾವಣೆಗಳಿಗೆಲ್ಲ ಇದೇ ಮನೆ ತಂಡ. ಈ ಹುಡುಗ ದೊಡ್ಡ ಆಟಗಾರ ಆಗುತ್ತಾನೆ ಅಂತಲೇ ನನ್ನ ನಂಬಿಕೆ. ಆದರೆ ನಿಮ್ಮ ಆಫೀಸಿನವರು ವಾದ ಮಾಡುವ ರೀತಿ ಇದೆಯಲ್ಲ, ಕಳೆದ ವಾರ ಎಷ್ಟು ಗೋಲು ಹೊಡೆದ ಅನ್ನುವುದರ ಮೇಲೆ ಒಬ್ಬ ಹುಡುಗನ ಹಣೆಬರಹ ಬರೆಯುವುದು, ಅದು ಈ ಆಟದಲ್ಲಿ ಪದೇ ಪದೇ ಸುಳ್ಳಾಗಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಡಾರ್ಸಿ ಆಡುವುದು ಫಾರ್ವರ್ಡ್ ಆಗಿ, ಅಂದರೆ ಎದುರಾಳಿಯ ಕಂಬಗಳ ಹತ್ತಿರ ಆಡಿ ಗೋಲು ಹೊಡೆಯುವವನು. ನೀವು ಹೊಸಬರಾದ್ದರಿಂದ ಆ ಕೆಲಸ ಏನು ಅಂತ ಮೊದಲು ನೋಡೋಣ. ಒಂದು ತಂಡಕ್ಕೆ ಮೈದಾನದಲ್ಲಿ 18 ಜನ. ನಾಲ್ಕು ಕಂಬಗಳಲ್ಲಿ ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಕಾಲಿನಿಂದ ಒದ್ದ ಚೆಂಡು 15 ಮೀಟರಾದರೂ ಬಂದು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಆಗ ಯಾರೂ ಮೈಮೇಲೆ ಬೀಳುವಂತಿಲ್ಲ, ನಿಂತು ನಿಧಾನವಾಗಿ ಗುರಿ ಇಟ್ಟು ಒದೆಯಬಹುದು. ಹಾಗಾಗಿ ಗೋಲಿನ ಹತ್ತಿರ ಮಾರ್ಕ್ ಹಿಡಿಯಬಲ್ಲ ಎತ್ತರದ ಆಟಗಾರನಿಗೆ ಚಿನ್ನದ ಬೆಲೆ. ಆದರೆ ಒಂದು ವಿಷಯ ಗಮನಿಸಿ. ಚೆಂಡು ಅವನ ಹತ್ತಿರ ಬರುವುದು ಅವನ ಕೈಯಲ್ಲಿಲ್ಲ. ಮಧ್ಯದ ಆಟಗಾರರು ಚೆಂಡು ಗೆದ್ದು, ತಲೆ ಎತ್ತಿ ನೋಡಿ, ಸರಿಯಾದ ಜಾಗಕ್ಕೆ ಒದ್ದರೆ ಮಾತ್ರ ಅವನಿಗೆ ಅವಕಾಶ. ಮಧ್ಯದಲ್ಲಿ ಸೋತ ದಿನ ಫಾರ್ವರ್ಡ್ ಎರಡು ಗಂಟೆ ಓಡಿ, ಗುದ್ದಿಸಿಕೊಂಡು, ಎರಡೇ ಎರಡು ಸಲ ಚೆಂಡು ಮುಟ್ಟಿ ಮನೆಗೆ ಹೋಗುತ್ತಾನೆ. ಮರುದಿನ ಎಲ್ಲರೂ ಅವನನ್ನೇ ಬೈಯುತ್ತಾರೆ.

ಈಗ ಡಾರ್ಸಿ ವಿಷಯಕ್ಕೆ ಬರೋಣ. ಹುಟ್ಟಿದ್ದು 2003ರಲ್ಲಿ. ಎತ್ತರ 208 ಸೆಂಟಿಮೀಟರ್, ಅಂದರೆ ಆರಡಿ ಹತ್ತಿಂಚು. ಅಪ್ಪ ಲ್ಯೂಕ್ ಡಾರ್ಸಿ ಇದೇ ತಂಡಕ್ಕೆ 226 ಪಂದ್ಯ ಆಡಿದವರು, ತಾತ ಡೇವಿಡ್ ಡಾರ್ಸಿ ಕೂಡ ಇದೇ ತಂಡ, ಆಗ ಅದಕ್ಕೆ ಫುಟ್‌ಸ್ಕ್ರೇ ಅಂತ ಹೆಸರು. ಇಲ್ಲಿ ಹೊಸ ಹುಡುಗರನ್ನು ತಂಡಗಳು ಸರದಿ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಅಂತ ಹೆಸರು, ಒಂದೊಂದು ಸರದಿಗೆ ಪಿಕ್ ಅಂತ. ಅಪ್ಪ ಒಂದು ತಂಡಕ್ಕೆ 100 ಪಂದ್ಯ ಆಡಿದ್ದರೆ ಮಗನನ್ನು ತೆಗೆದುಕೊಳ್ಳುವ ಮೊದಲ ಹಕ್ಕು ಆ ತಂಡಕ್ಕೇ ಇರುತ್ತದೆ. ಬೇರೆಯವರು ಕೂಗಿದ ಬೆಲೆಗೆ ತಕ್ಕ ಬೆಲೆ ಕಟ್ಟಬೇಕು, ದುಡ್ಡಲ್ಲ, ತಮ್ಮ ಪಿಕ್‌ಗಳ ಲೆಕ್ಕದಲ್ಲಿ, ಅಷ್ಟೆ. 2021ರ ಡ್ರಾಫ್ಟ್‌ನಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿಯವರು ಎರಡನೇ ಪಿಕ್‌ಗೇ ಇವನ ಹೆಸರು ಹೇಳಿದರು, ಬುಲ್‌ಡಾಗ್ಸ್ ಬೆಲೆ ಕಟ್ಟಿ ಇಟ್ಟುಕೊಂಡರು. ಇಡೀ ದೇಶದ ಹುಡುಗರಲ್ಲಿ ಎರಡನೆಯವನು ಅಂತ ಹಣೆಪಟ್ಟಿ ಬಿದ್ದಾಗ ಅವನಿಗೆ 18 ವರ್ಷ.

ಅವನಲ್ಲಿ ನನಗೆ ಇಷ್ಟವಾಗುವುದು ಎತ್ತರ ಅಲ್ಲ. ಅಷ್ಟು ಎತ್ತರದವರು ಈ ಆಟದಲ್ಲಿ ಹಿಂದೆಯೂ ಇದ್ದರು. ಅವರಲ್ಲಿ ಹೆಚ್ಚಿನವರು ರಕ್ ಆಗುತ್ತಾರೆ, ಅಂದರೆ ಅಂಪೈರ್ ಚೆಂಡು ಮೇಲೆ ಎಸೆದಾಗ ಹಾರಿ ತಟ್ಟುವ ಕೆಲಸ. ಚೆಂಡು ನೆಲಕ್ಕೆ ಬಿತ್ತೆಂದರೆ ಅವರ ಆಟ ಮುಗಿಯಿತು, ಬಗ್ಗುವಷ್ಟರಲ್ಲಿ ಕುಳ್ಳ ಆಟಗಾರ ಎತ್ತಿಕೊಂಡು ಓಡಿರುತ್ತಾನೆ. ಡಾರ್ಸಿ ಹಾಗಲ್ಲ. ಮಾರ್ಕ್ ಸಿಗದೆ ಚೆಂಡು ಕೆಳಗೆ ಬಿದ್ದರೂ ಬಗ್ಗುತ್ತಾನೆ, ಒಂದೇ ಸಲಕ್ಕೆ ಎತ್ತುತ್ತಾನೆ, ತಿರುಗುತ್ತಾನೆ, ಒದೆಯುತ್ತಾನೆ. ಆ ಉದ್ದನೆಯ ಮೈ ಅಷ್ಟು ಬೇಗ ಮಡಚಿ ಬಿಚ್ಚಿಕೊಳ್ಳುವುದನ್ನು ಟಿವಿಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಮೈದಾನದಲ್ಲೇ ನೋಡಬೇಕು. ಇನ್ನೊಂದು, ಅವನು ಕೈಯನ್ನು ತಡವಾಗಿ ಎತ್ತುತ್ತಾನೆ. ಬೇಗ ಎತ್ತಿದರೆ ಹಿಂದಿನಿಂದ ಬರುವ ಡಿಫೆಂಡರ್‌ಗೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗಿ ಗುದ್ದಿ ಕೆಡಿಸುತ್ತಾನೆ. ಕೊನೇ ಕ್ಷಣದವರೆಗೆ ಕೈ ಕೆಳಗಿಟ್ಟುಕೊಳ್ಳುವುದು ಅನುಭವದಿಂದ ಬರುವ ವಿದ್ಯೆ. ಇವನಿಗೆ ಇಪ್ಪತ್ತರ ಆಸುಪಾಸಿನಲ್ಲೇ ಬಂದಿದೆ. ಗೋಲಿನ ಲೆಕ್ಕ ಬಿಟ್ಟು ನಾನು ನೋಡುವುದು ಇಂಥದ್ದನ್ನು.

ಫ್ರಾಂಕ್ಲಿನ್ ಜೊತೆ ಹೋಲಿಸುವವರಿಗೆ ಒಂದು ಹಳೇ ಕಥೆ ಹೇಳಬೇಕು. 2004ರ ಡ್ರಾಫ್ಟ್. ಮೊದಲನೆಯವನು ರಿಚ್ಮಂಡ್‌ಗೆ ಹೋದ ಬ್ರೆಟ್ ಡೆಲಿಡಿಯೊ. ಎರಡು, ಹಾಥಾರ್ನ್‌ಗೆ ಜ್ಯಾರಿಡ್ ರಫ್‌ಹೆಡ್. ಮೂರು, ನಮ್ಮ ಬುಲ್‌ಡಾಗ್ಸ್‌ಗೆ ರಯಾನ್ ಗ್ರಿಫನ್. ನಾಲ್ಕು, ಮತ್ತೆ ರಿಚ್ಮಂಡ್‌ಗೆ ರಿಚರ್ಡ್ ಟ್ಯಾಂಬ್ಲಿಂಗ್. ಐದನೆಯವನು ಫ್ರಾಂಕ್ಲಿನ್, ಅವನೂ ಹಾಥಾರ್ನ್‌ಗೆ. ಅಂದರೆ ಈ ಆಟ ಕಂಡ ಅತಿ ದೊಡ್ಡ ಫಾರ್ವರ್ಡ್‌ಗಳಲ್ಲಿ ಒಬ್ಬನನ್ನು ನಾಲ್ಕು ಸಲ ಬಿಟ್ಟು ಮುಂದೆ ಹೋದರು, ಅದರಲ್ಲಿ ಒಂದು ಸಲ ನಾವೂ ಬಿಟ್ಟೆವು. ಮೊದಮೊದಲು ಅವನ ಮೇಲೂ ಅನುಮಾನವೇ. ಗುರಿ ಸರಿಯಿಲ್ಲ ಅಂದರು. ಎಡಗಾಲಿನವನು, ಗೋಲಿಗೆ ನೇರ ಓಡಿ ಬರದೆ ಕಮಾನಿನ ಹಾಗೆ ಸುತ್ತಿ ಬಂದು ಒದೆಯುತ್ತಿದ್ದ, ಅದನ್ನು ಸರಿಮಾಡದಿದ್ದರೆ ಉದ್ಧಾರವಾಗಲ್ಲ ಅಂದವರು ಎಷ್ಟೋ ಜನ. 2007ರಲ್ಲಿ 73 ಗೋಲು ಹೊಡೆದ. 2008ರಲ್ಲಿ 113. ಅದೇ ಓಟ, ಅದೇ ಕಮಾನು. ಆಮೇಲೆ ಒಂದು ಸೀಸನ್‌ನಲ್ಲಿ ಯಾರೂ 100 ಮುಟ್ಟಿಲ್ಲ. 2022ರ ಮಾರ್ಚ್‌ನಲ್ಲಿ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಸಾವಿರನೇ ಗೋಲು ಹೊಡೆದಾಗ ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ನಿಲ್ಲಿಸಿದಾಗ ಲೆಕ್ಕ 354 ಪಂದ್ಯ, 1066 ಗೋಲು.

ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಟ್ಯಾಂಬ್ಲಿಂಗ್ ವಿಷಯ. ಅವನೂ ನೂರಕ್ಕಿಂತ ಜಾಸ್ತಿ ಪಂದ್ಯ ಆಡಿದ ಒಳ್ಳೇ ಆಟಗಾರ. ಆಡುವ ಶೈಲಿಯೇ ಬೇರೆ, ಫ್ರಾಂಕ್ಲಿನ್‌ನಂಥ ಫಾರ್ವರ್ಡ್ ಅಲ್ಲವೇ ಅಲ್ಲ. ಆದರೂ ಫ್ರಾಂಕ್ಲಿನ್ ಗೋಲು ಹೊಡೆದಾಗಲೆಲ್ಲ ಜನ ಇವನ ಹೆಸರು ಎತ್ತುತ್ತಿದ್ದರು. ತಾನೇ ಆರಿಸದ ಒಂದು ನಂಬರಿಗಾಗಿ ಒಬ್ಬ ಹುಡುಗ ಇಡೀ ವೃತ್ತಿಜೀವನ ಮಾತು ಕೇಳಿಸಿಕೊಂಡ. ಹೋಲಿಕೆ ಅಂದರೆ ಸುಮ್ನೆ ಟೀ ಕುಡಿಯುವಾಗ ಆಡುವ ಮಾತು ಅಂದುಕೊಳ್ಳುತ್ತೇವೆ, ಅಲ್ವಾ? ಕೇಳಿಸಿಕೊಳ್ಳುವವನಿಗೆ ಹಾಗಿರುವುದಿಲ್ಲ.

ಇನ್ನು ಟಾಮ್ ಬಾಯ್ಡ್. ಬುಲ್‌ಡಾಗ್ಸ್ ಅಭಿಮಾನಿಗಳ ಹತ್ತಿರ ಈ ಹೆಸರು ಹೇಳಿದರೆ ಎಲ್ಲರೂ ಒಂದು ನಿಮಿಷ ಸುಮ್ಮನಾಗುತ್ತಾರೆ. 2013ರ ಡ್ರಾಫ್ಟ್‌ನಲ್ಲಿ ಮೊದಲನೆಯವನು, ಎರಡು ಮೀಟರ್ ಎತ್ತರದ ಫಾರ್ವರ್ಡ್. ಒಂದೇ ವರ್ಷಕ್ಕೆ ನಮ್ಮ ತಂಡ ಅವನನ್ನು ತರಿಸಿಕೊಂಡಿತು. ಅದಕ್ಕೆ ಕೊಟ್ಟದ್ದು ಯಾರನ್ನು ಗೊತ್ತಾ? ಆಗ ನಮ್ಮ ಕ್ಯಾಪ್ಟನ್ ಆಗಿದ್ದ ಅದೇ ರಯಾನ್ ಗ್ರಿಫನ್‌ನನ್ನು, ಜೊತೆಗೆ ಆರನೇ ಪಿಕ್. ಬಾಯ್ಡ್ ಜೊತೆ ಏಳು ವರ್ಷದ ಒಪ್ಪಂದ, ಕೋಟಿಗಟ್ಟಲೆ ದುಡ್ಡು. 19 ವರ್ಷದ ಹುಡುಗ. ಅವನು ಗೋಲು ಹೊಡೆಯದ ಪ್ರತಿ ವಾರ ಆ ದುಡ್ಡಿನ ಲೆಕ್ಕ ಪತ್ರಿಕೆಯಲ್ಲಿ, ರೇಡಿಯೋದಲ್ಲಿ, ರೈಲಿನಲ್ಲಿ. ನಾನೂ ಆಗ ಹೊಸಬ, ನಾನೂ ಅಂದಿದ್ದೇನೆ, ಇಷ್ಟು ದುಡ್ಡಿಗೆ ಇಷ್ಟೇನಾ ಅಂತ.

ಆಮೇಲೆ 2016ರ ಗ್ರ್ಯಾಂಡ್ ಫೈನಲ್ ಬಂತು, ಅಂದರೆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಕೊನೇ ಪಂದ್ಯ. ಸಿಡ್ನಿ ಎದುರು. ನಮ್ಮ ತಂಡ 1954ರಲ್ಲಿ ಒಮ್ಮೆ ಗೆದ್ದದ್ದು ಬಿಟ್ಟರೆ 62 ವರ್ಷ ಏನೂ ಇಲ್ಲ. ಪಟ್ಟಿಯಲ್ಲಿ ಏಳನೇ ಜಾಗದಿಂದ ಬಂದಿದ್ದೆವು. ಆ ದಿನ ಬಾಯ್ಡ್ ದೊಡ್ಡ ದೊಡ್ಡ ಮಾರ್ಕ್ ಹಿಡಿದ, ಮೂರು ಗೋಲು ಹೊಡೆದ. ಕೊನೇ ಕ್ವಾರ್ಟರ್‌ನಲ್ಲಿ ಡೇಲ್ ಮೋರಿಸ್ ಒಂದು ಟ್ಯಾಕಲ್ ಮಾಡಿದ, ಚೆಂಡು ಜಾರಿತು, ಬಾಯ್ಡ್ ಎತ್ತಿಕೊಂಡು ಅಷ್ಟು ದೂರದಿಂದ ಖಾಲಿ ಗೋಲಿನ ಕಡೆ ಒದ್ದ. ಚೆಂಡು ಪುಟಿಯುತ್ತಾ ಪುಟಿಯುತ್ತಾ ಒಳಗೆ ಹೋಯಿತು. ಮ್ಯಾಚ್ ಅಲ್ಲಿಗೆ ಮುಗಿಯಿತು. ನನ್ನ ಪಕ್ಕದ ಮನೆಯ ಅಜ್ಜ ಬೀದಿಗೆ ಬಂದು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟಾದ ಮೇಲೂ 2017ರಲ್ಲಿ ಬಾಯ್ಡ್ ಮಾನಸಿಕ ಆರೋಗ್ಯಕ್ಕಾಗಿ ಆಟದಿಂದ ಸ್ವಲ್ಪ ಕಾಲ ದೂರ ಉಳಿದ, 2019ರಲ್ಲಿ 23ನೇ ವಯಸ್ಸಿಗೆ ಆಟವನ್ನೇ ಬಿಟ್ಟ. ಒಪ್ಪಂದದಲ್ಲಿ ಇನ್ನೂ ದುಡ್ಡು ಬರುವುದಿತ್ತು, ಅದನ್ನೂ ಬಿಟ್ಟು ಹೋದ. ಒಟ್ಟು 61 ಪಂದ್ಯ. ಈಗ ಹೇಳಿ, ಬಾಯ್ಡ್ ಗೆದ್ದನಾ ಸೋತನಾ? ನನ್ನ ಪ್ರಕಾರ ಅವನಷ್ಟು ಕೊಟ್ಟವರು ನಮ್ಮ ತಂಡದಲ್ಲಿ ಕಡಿಮೆ. ಆದರೆ ನಾವು ಅವನಿಗೆ ಇಷ್ಟು ಭಾರ ಹೊರಿಸಬಾರದಿತ್ತು.

ಅದಕ್ಕೆ ಉಲ್ಟಾ ಜೆಸ್ಸಿ ಹೋಗನ್. 2015ರಲ್ಲಿ ಮೆಲ್ಬರ್ನ್ ತಂಡದಲ್ಲಿದ್ದಾಗ ಇಡೀ ಲೀಗ್‌ಗೇ ವರ್ಷದ ಅತ್ಯುತ್ತಮ ಹೊಸ ಆಟಗಾರ. 2017ರಲ್ಲಿ ಅಪ್ಪ ತೀರಿಹೋದರು, ಅದೇ ವರ್ಷ ಅವನಿಗೇ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು. ತಂಡ ಬದಲಾಯಿತು, ಫ್ರಿಮ್ಯಾಂಟಲ್‌ನಲ್ಲೂ ಸರಿಹೋಗಲಿಲ್ಲ, ಕೊನೆಗೆ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋದ. ಎಲ್ಲರೂ ಕೈಬಿಟ್ಟಿದ್ದರು. 2024ರಲ್ಲಿ 29ನೇ ವಯಸ್ಸಿಗೆ ಕೋಲ್ಮನ್ ಪದಕ ಗೆದ್ದ, ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಅವನದ್ದು. ನಮ್ಮವರಿಗೆ ಹೇಳುವುದಾದರೆ ಕರುಣ್ ನಾಯರ್ ನೆನಪಿಸಿಕೊಳ್ಳಿ. 2016ರಲ್ಲಿ ಚೆನ್ನೈಯಲ್ಲಿ 303, ಮರುವರ್ಷ ಟೆಸ್ಟ್ ತಂಡದಿಂದ ಹೊರಗೆ, ಮತ್ತೆ ಟೆಸ್ಟ್ ಕ್ಯಾಪ್ ಹಾಕಿಕೊಂಡಿದ್ದು 2025ರಲ್ಲಿ.

ಡಾರ್ಸಿ ವಿಷಯದಲ್ಲಿ ನಿಮ್ಮ ಆಫೀಸಿನ ಎರಡನೇ ಗುಂಪು ಹೇಳುವುದರಲ್ಲೂ ಸ್ವಲ್ಪ ನಿಜ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ದೊಡ್ಡ ಪಂದ್ಯಗಳಲ್ಲಿ ಅವನಿನ್ನೂ ಸಾಬೀತು ಮಾಡಬೇಕು. ಸೀಸನ್ ಕೊನೆಯಲ್ಲಿ ಪಟ್ಟಿಯ ಮೇಲಿನ ತಂಡಗಳಷ್ಟೇ ಆಡುವ ಪಂದ್ಯಗಳಿಗೆ ಫೈನಲ್ಸ್ ಅನ್ನುತ್ತಾರೆ, 2024ರಲ್ಲಿ ಅದರ ಮೊದಲ ಪಂದ್ಯದಲ್ಲೇ ಹಾಥಾರ್ನ್ ಕೈಲಿ ಸೋತೆವು. 2025ರಲ್ಲಿ 14 ಪಂದ್ಯ ಗೆದ್ದರೂ ಒಂಬತ್ತನೇ ಜಾಗ, ಫೈನಲ್ಸ್ ಇಲ್ಲ. ಕೊನೇ ಪಂದ್ಯ ಫ್ರಿಮ್ಯಾಂಟಲ್ ಎದುರು, ನಮ್ಮದೇ ಮೈದಾನದಲ್ಲಿ ಸೋತದ್ದು ಇನ್ನೂ ಮರೆಯಲು ಆಗುತ್ತಿಲ್ಲ. ಎರಡನೆಯದು ಮೈ. ಅಷ್ಟು ಎತ್ತರ ಹಾರಿ, ನಾಲ್ಕು ಜನರ ಮಧ್ಯೆ ಕೆಳಗೆ ಬೀಳುವವನ ಮೊಣಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಯೋಚಿಸಿ. 2025ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಕೆಲವು ವಾರ ಹೊರಗಿದ್ದ. ಆ ರಾತ್ರಿ ನನ್ನ ಮಗ ಊಟ ಮಾಡದೆ ಮಲಗಿದ. ಅವನಿಗೆ ಒಂಬತ್ತು ವರ್ಷ, ಶನಿವಾರ ಬೆಳಿಗ್ಗೆ ಮಕ್ಕಳಿಗೆ ಫುಟಿ ಕಲಿಸುವ ಆಸ್‌ಕಿಕ್‌ಗೆ ಹೋಗುತ್ತಾನೆ, ಹಿತ್ತಲಲ್ಲಿ ಕೆಂಪು ಶೆರಿನ್ ಚೆಂಡು ಹಿಡಿದು ಡಾರ್ಸಿ ಥರ ಕೈ ತಡವಾಗಿ ಎತ್ತುವುದನ್ನೇ ಅಭ್ಯಾಸ ಮಾಡುತ್ತಾನೆ.

ಡಾರ್ಸಿಗೆ ಅನುಕೂಲವಾಗಿರುವ ಸಂಗತಿಗಳೂ ಇವೆ. ಕ್ಯಾಪ್ಟನ್ ಮಾರ್ಕಸ್ ಬೊಂಟೆಂಪೆಲ್ಲಿಯಂಥವನು ಮಧ್ಯದಿಂದ ಚೆಂಡು ಕೊಡುವಾಗ ಯಾವ ಫಾರ್ವರ್ಡ್‌ಗಾದರೂ ಬದುಕು ಸುಲಭ. ಪಕ್ಕದಲ್ಲಿ ಆರನ್ ನಾಟನ್ ಇದ್ದಾನೆ, ಎದುರಾಳಿಯ ಒಳ್ಳೇ ಡಿಫೆಂಡರ್ ಇಬ್ಬರನ್ನೂ ಒಟ್ಟಿಗೆ ನೋಡಿಕೊಳ್ಳಲಾರ. ಬಾಯ್ಡ್‌ಗೆ ಸಿಗದ ಇನ್ನೊಂದು ಇವನಿಗೆ ಸಿಕ್ಕಿದೆ: ಇದೇ ಜೆರ್ಸಿ ಹಾಕಿ, ಇದೇ ಜನರಿಂದ ಬೈಸಿಕೊಂಡೂ ಹೊಗಳಿಸಿಕೊಂಡೂ ಬಂದ ಅಪ್ಪ ಮನೆಯಲ್ಲೇ ಇದ್ದಾರೆ. ಕೆಟ್ಟ ವಾರದಲ್ಲಿ ಅದು ಎಷ್ಟು ದೊಡ್ಡ ಆಸರೆ ಅಂತ ಆಡಿದವರಿಗೇ ಗೊತ್ತು.

ಹಾಗಾಗಿ ಸೋಮವಾರ ಯಾರಾದರೂ ಎಷ್ಟು ಗೋಲು ಅಂತ ಕೇಳಿದರೆ, ಚೆಂಡು ಎಷ್ಟು ಸಲ ಅವನ ಕಡೆ ಬಂತು, ಬಂದಾಗ ಎಷ್ಟು ಸಲ ಎದುರಾಳಿ ಸಲೀಸಾಗಿ ತೆಗೆದುಕೊಂಡು ಹೋದ ಅಂತ ನೀವು ತಿರುಗಿ ಕೇಳಿ. ಇವನಿರುವಾಗ ಎದುರಾಳಿಗೆ ಸಲೀಸಾಗಿ ಸಿಗುವುದು ಕಡಿಮೆ. ಮಾರ್ಕ್ ಹಿಡಿಯದಿದ್ದರೂ ಚೆಂಡನ್ನು ನೆಲಕ್ಕೆ ಬೀಳಿಸುತ್ತಾನೆ, ನಮ್ಮ ಸಣ್ಣ ಆಟಗಾರರು ಅಲ್ಲಿ ಕಾಯುತ್ತಿರುತ್ತಾರೆ. ಅಂಥ ಗೋಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಒಂದು ಸಲ ಮೈದಾನಕ್ಕೇ ಬನ್ನಿ. ಸದರ್ನ್ ಕ್ರಾಸ್ ರೈಲು ನಿಲ್ದಾಣದಲ್ಲಿ ಇಳಿದರೆ ಡಾಕ್‌ಲ್ಯಾಂಡ್ಸ್ ಮೈದಾನ ಪಕ್ಕದಲ್ಲೇ, ಸೇತುವೆ ದಾಟಿದರೆ ಸಾಕು. ಗೋಲಿನ ಹಿಂದೆ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿ ಎರಡು ತುದಿಗಳಿಗೆ ಲಾಕೆಟ್ ಮತ್ತು ಕವೆಂಟ್ರಿ ಅಂತ ಹೆಸರು, ಈ ಆಟದಲ್ಲಿ ಅತಿ ಹೆಚ್ಚು ಗೋಲು ಹೊಡೆದ ಇಬ್ಬರು, 1360 ಮತ್ತು 1299. ಚೆಂಡು ಆ ಕಡೆ ದೂರದಲ್ಲಿರುವಾಗ ಎಲ್ಲರೂ ಅತ್ತ ನೋಡುತ್ತಾರೆ, ನೀವು ಡಾರ್ಸಿಯನ್ನು ನೋಡಿ. ಡಿಫೆಂಡರ್ ಅಂಗಿ ಹಿಡಿದು ಎಳೆಯುತ್ತಿರುತ್ತಾನೆ. ಇವನು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಾನೆ, ನಿಲ್ಲುತ್ತಾನೆ, ತಿರುಗಿ ಓಡುತ್ತಾನೆ, ಚೆಂಡು ಬರುವುದಿಲ್ಲ, ಮತ್ತೆ ಮೊದಲಿನ ಜಾಗಕ್ಕೆ ಬರುತ್ತಾನೆ, ಮತ್ತೆ ಓಡುತ್ತಾನೆ. ನಾನೂ ಮಗನೂ ಸಾಮಾನ್ಯವಾಗಿ ಲಾಕೆಟ್ ತುದಿಯಲ್ಲಿ ಕೂರುತ್ತೇವೆ. ಕೆಂಪು, ಬಿಳಿ, ನೀಲಿ ಸ್ಕಾರ್ಫ್ ಹಾಕಿಕೊಂಡು ಕನ್ನಡ ಮಾತಾಡುತ್ತಿರುವವರು ಕಂಡರೆ ಬಂದು ಮಾತಾಡಿಸಿ.